ಟೈಲರಮ್ಮ ಆರಿಸಿದ ದುರ್ಬೀನು

ಕೋವಿಯ ಮೇಲೆ ಕೂರಿಸುವ ದುರ್ಬೀನುಗಳನ್ನು ಮಾರುವ ಅಂಗಡಿಯಲ್ಲಿ ನಾನು ಕೆಲಸಕ್ಕೆ ಸೇರಿ ಏಳು ತಿಂಗಳಾಗಿತ್ತು. ಅಷ್ಟರಲ್ಲಿ, ಒಂದೇ ಒಂದು ಗುಂಡು ಹಾರಿಸದೆ, ಊರಿಗೆಲ್ಲ ಗುರಿಯ ಬಗ್ಗೆ ಉಪದೇಶ ಮಾಡುವಷ್ಟು ಮುಂದುವರಿದಿದ್ದೆ. ನನ್ನ ಸಿದ್ಧಾಂತ ಸರಳ: ದೂರ ಹೆಚ್ಚಾದಷ್ಟೂ ದೊಡ್ಡ ದುರ್ಬೀನು. ಅದನ್ನು ಹೊಲಿಗೆ ಹೊಲಿಗೆಯಾಗಿ ಬಿಚ್ಚಿಟ್ಟವರು ಟೈಲರಮ್ಮ.

ನಮ್ಮಿಂದ ನಾಲ್ಕು ಬಾಗಿಲು ಆಚೆ ಅವರ ಅಂಗಡಿ. ವಯಸ್ಸು ಐವತ್ತೆರಡು, ಶಾಲೆಯ ಸಮವಸ್ತ್ರ ಹೊಟ್ಟೆಪಾಡು. ಒಂಬತ್ತು ವರ್ಷದ ಹಿಂದೆ ರೈಫಲ್ ಕ್ಲಬ್ಬಿನವರ ಜಾಕೆಟ್ಟುಗಳಿಗೆ ಮೊಣಕೈ ಮೆತ್ತೆ ಹೊಲಿದುಕೊಟ್ಟರಂತೆ. ಮೆತ್ತೆ ಸರಿಯಾಗಿ ಕೂತಿದೆಯೇ ಎಂದು ನೋಡಲು ತಾವೇ ಒಂದನ್ನು ತೊಟ್ಟು ಮಕಾಡೆ ಮಲಗಿದಾಗ, ಯಾರೋ ತಮಾಷೆಗೆ ಕೈಗೆ ಕೋವಿ ಕೊಟ್ಟರಂತೆ. "ಅವತ್ತು ಮಲಗಿದೋಳು, ಭಾನುವಾರ ಬಂದ್ರೆ ಇನ್ನೂ ಎದ್ದಿಲ್ಲ" ಎನ್ನುತ್ತಾರೆ ಅವರ ಯಜಮಾನರು.

ಮುನ್ನೂರು ಮೀಟರಿನಲ್ಲಿ ಅವರನ್ನು ಮೀರಿಸುವವರಿಲ್ಲ. ಆಸೆ ಇದ್ದದ್ದು ಮಾತ್ರ ಆರುನೂರು ಮೀಟರಿನ ತಂಡದ ಮೇಲೆ. ಹಿಂದಿನ ಎರಡು ವರ್ಷವೂ ಯಾರದೋ ಹಳೇ ದುರ್ಬೀನು ಎರವಲು ತಂದು ಕೂದಲೆಳೆಯಲ್ಲಿ ಸೋತಿದ್ದರು. ಈ ಸಲ ಒಂದೇ ಜಾಗ ಖಾಲಿ. ಆಯ್ಕೆಗೆ ಒಂಬತ್ತು ದಿನ ಉಳಿದಿತ್ತು.

"ಮರಿ, ನನ್ನ ಕಣ್ಣಿಗೆ ತಕ್ಕದ್ದು ತೋರ್ಸು" ಎಂದರು.

ಇಪ್ಪತ್ತೈದು ಪಟ್ಟು ಹಿಗ್ಗಿಸಿ ತೋರಿಸುವ, ಸೋರೆಕಾಯಿ ಗಾತ್ರದ್ದನ್ನು ಮುಂದಿಟ್ಟೆ. "ಇದ್ರಲ್ಲಿ ನೋಡಿದ್ರೆ ಗುರಿ ಬಂದು ನಿಮ್ಮ ಮಡಿಲಲ್ಲೇ ಕೂರುತ್ತೆ, ಟೈಲರಮ್ಮ."

"ಮಡಿಲಲ್ಲಿ ಕೂತಿದ್ದನ್ನ ಹೊಡೆಯೋಕೆ ಕೋವಿ ಯಾಕೋ?"

ಮಟಮಟ ಮಧ್ಯಾಹ್ನ. ಕಿಟಕಿಯಾಚೆ ದೂರದ ನೀರಿನ ಟ್ಯಾಂಕಿನ ಮೇಲಿದ್ದ ಅಂಕಿ ನೋಡಿದರು. ನಡುವಿನ ತಗಡಿನ ಮಾಡುಗಳಿಂದ ಬಿಸಿ ಏಳುತ್ತಿತ್ತು. "ಅಂಕಿ ಕುದೀತಿದೆ ಕಣೋ. ಬಿಸಿಯನ್ನೂ ಇಪ್ಪತ್ತೈದು ಪಟ್ಟು ಮಾಡಿಟ್ಟಿದೆ."

ಆಮೇಲೆ ಅದನ್ನು ಮೇಜಿಗೆ ಬಿಗಿಯಾಗಿ ಕಟ್ಟಿಸಿ, ಒಳಗೆ ಕಾಣುವ ಅಡ್ಡ-ಉದ್ದ ಗುರಿಗೆರೆಗಳು ಕೂಡುವ ಜಾಗವನ್ನು ಎದುರು ಕಟ್ಟಡದ ಒಂದು ಇಟ್ಟಿಗೆಯ ಮೂಲೆಗೆ ಹಿಡಿದರು. ಗೆರೆ ಸರಿಸಲು ದುರ್ಬೀನಿನ ನೆತ್ತಿಯ ತಿರುಪನ್ನು ನಲವತ್ತು ಟಿಕ್ ಮೇಲಕ್ಕೆ, ಪಕ್ಕದ್ದನ್ನು ನಲವತ್ತು ಬಲಕ್ಕೆ, ಮತ್ತೆ ನಲವತ್ತು ಕೆಳಕ್ಕೆ, ನಲವತ್ತು ಎಡಕ್ಕೆ. ಸುತ್ತು ಹಾಕಿದ ಗೆರೆ ಹೊರಟ ಮೂಲೆಗೇ ಬರಬೇಕು. ಅದು ಅರ್ಧ ಇಟ್ಟಿಗೆ ಆಚೆ ನಿಂತಿತು.

"ಇದಕ್ಕೆ ಮನೆ ದಾರಿ ಮರ್ತೋಗಿದೆ. ಯಾರಾದ್ರೂ ಬೀಳಿಸಿದ್ರಾ?"

ಬೀಳಿಸಿದ್ದು ನಾನೇ, ಹಿಂದಿನ ವಾರ, ಏಣಿಯ ಮೇಲಿಂದ. ಗಾಜು ಒಡೆದಿಲ್ಲವೆಂದು ಡಬ್ಬಿಗೆ ಹಾಕಿ, ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಸುಳ್ಳು ನಾಲಗೆಯ ತುದಿವರೆಗೂ ಬಂತು. ಆದರೆ ಆ ಅರ್ಧ ಇಟ್ಟಿಗೆ ಈಕೆಯ ಒಂಬತ್ತು ವರ್ಷವನ್ನು ನುಂಗಿಹಾಕುತ್ತದಲ್ಲ! "ನಾನೇ" ಎಂದೆ.

"ಹೋಗಿ ಮಾಲೀಕರಿಗೆ ಹೇಳು. ಹೆದರಿಕೆ ಆದ್ರೆ ನಾನೂ ಬರ್ತೀನಿ. ಮೊದ್ಲು ಆ ಹತ್ತು ಪಟ್ಟಿಂದು ತೆಗಿ."

ಹತ್ತು ಪಟ್ಟಿನದು ಹಳೇ ಟಾರ್ಚಿನಂತಿತ್ತು. ನಾನು ಯಾರಿಗೂ ತೋರಿಸುತ್ತಲೇ ಇರಲಿಲ್ಲ. ಮೂರು ಸಲ ಸುತ್ತಿಸಿದರೂ ಮೂರು ಸಲವೂ ನೆಟ್ಟಗೆ ಮನೆಗೆ ಬಂತು. ಕನ್ನಡಕ ತೆಗೆಯದೆಯೇ ಅವರಿಗೆ ಇಡೀ ನೋಟ ಸಿಕ್ಕಿತು. ಅದನ್ನೇ ಒಯ್ದರು. ನನಗೆ ಮಾಲೀಕರಿಂದ ಸಿಕ್ಕಿದ ಬೈಗುಳವೂ ಹತ್ತು ಪಟ್ಟಿನದೇ.

ಆಯ್ಕೆಯ ದಿನ ನಾನೂ ಹೋದೆ. ಬಿಸಿಲೇರಿದಾಗ ಆರುನೂರು ಮೀಟರಿನ ಬಯಲು ಅಲೆಅಲೆಯಾಗಿ ಕುದಿಯುತ್ತಿತ್ತು. ಸೋರೆಕಾಯಿ ದುರ್ಬೀನಿನವರೆಲ್ಲ ಗುರಿ ಕುಣಿಯುತ್ತಿದೆ ಎಂದು ಗೊಣಗುತ್ತಲೇ ಮುಗಿಸಿದರು. ಟೈಲರಮ್ಮನಿಗೆ ಉಳಿದದ್ದು ಒಂದು ಗುಂಡು. ಜಾಗ ಸಿಗಲು ಅದಕ್ಕೆ ಹತ್ತರಲ್ಲಿ ಒಂಬತ್ತು ಅಂಕ ಬರಬೇಕು. ಅವರು ಅಲ್ಲಾಡದೆ ಮಲಗೇ ಇದ್ದರು.

"ಯಾಕೆ ಹೊಡೀತಿಲ್ಲ?" ಎಂದು ಪಕ್ಕದಲ್ಲಿದ್ದ ಅವರ ಯಜಮಾನರ ಕಿವಿಯಲ್ಲಿ ಕೇಳಿದೆ.

"ಬಿಸಿ ಅಲೆ ಯಾವ ಕಡೆ ವಾಲುತ್ತೆ ಅಂತ ನೋಡಿ ಗಾಳಿ ಅಳೀತಿದಾಳೆ. ನನ್ನ ಮದುವೆಯಾಗೋಕೂ ಇಷ್ಟೇ ಹೊತ್ತು ತಗೊಂಡಿದ್ಲು."

ತಿರುಪು ಎರಡು ಟಿಕ್ ಎಡಕ್ಕೆ ತಿರುಗಿತು. ಗುಂಡು ಹೊರಟಿತು. ಗುರಿಯ ಕಡೆಯಿಂದ ಅಂಕ ತೋರಿಸುವ ಫಲಕ ಏಳುವಷ್ಟರಲ್ಲಿ ನಾನು ಯಜಮಾನರ ಅಂಗಿಯ ತೋಳನ್ನು ಹಿಂಡಿ ಮುದ್ದೆ ಮಾಡಿದ್ದೆ.

ಒಂಬತ್ತು. ಹೆಚ್ಚಿಲ್ಲ, ಕಡಿಮೆಯಿಲ್ಲ.

ಯಜಮಾನರು ಹಾಕಿದ ಕೂಗಿಗೆ ಮೈದಾನದ ಅಧಿಕಾರಿ ಬೆಚ್ಚಿ, ಗುಂಡು ನಿಲ್ಲಿಸುವ ಕೆಂಪು ಬಾವುಟ ಎತ್ತಿದ. "ಮೆತ್ತಗೆ ರೀ, ಮಾನ ಕಳೀತೀರಾ!" ಎಂದು ಗದರಿದ ಟೈಲರಮ್ಮ ಜಾಕೆಟ್ಟಿನ ಗುಂಡಿಗೆ ಕೈ ಹಾಕಿದರು. ಗುಂಡಿ ಹೊಲಿದೇ ಬದುಕಿದ ಬೆರಳಿಗೆ ಈಗ ಒಂದೂ ಬಿಚ್ಚಲು ಬರಲಿಲ್ಲ. ಯಜಮಾನರೇ ಮೊಣಕಾಲೂರಿ ಕೂತು, ಒಂದೊಂದಾಗಿ ಬಿಚ್ಚಿಕೊಟ್ಟರು.