ಮುನಿರಾಮಪ್ಪ ಹೇಳಿಕೊಟ್ಟ ಭಜನೆ

ದಂಡಿನ ಮುನಿರಾಮಪ್ಪ ಭಜನೆಗೆ ಬಂದನೆಂದರೆ ಪಕ್ಕದವರು ಕಾಲು ಜೋಪಾನ ಮಾಡಿಕೊಳ್ಳಬೇಕಿತ್ತು. ದೀಪದ ಕಂಬದ ಸುತ್ತ ನಾವೆಲ್ಲ ಮರ್ಯಾದಸ್ಥರ ಹಾಗೆ ಹೆಜ್ಜೆ ಹಾಕುತ್ತಿದ್ದರೆ ಇವನು ಗಿರಗಿರನೆ ತಿರುಗಿ, ಎಗರಿ, ತಾಳವನ್ನು ನೆತ್ತಿಯ ಮೇಲೆ ಹಿಡಿದು ಕುಣಿಯುತ್ತಿದ್ದ. ಡೋಲಕ್ ಬಾರಿಸುವ ನನ್ನ ಕಾಲಿನ ಹೆಬ್ಬೆರಳಿನ ಉಗುರು ಹೋದದ್ದು ಈ ಮಹಾರಾಯನಿಂದಲೇ. ಬೈದರೆ ನಗುತ್ತಿದ್ದ. ಅಂಥವನ ಮೇಲೆ ಎಷ್ಟು ದಿನ ಸಿಟ್ಟು ಇಟ್ಟುಕೊಳ್ಳುವುದು, ಹೇಳಿ?

ನಂಗಲಿ ಹತ್ತಿರದ ನಮ್ಮ ಊರಿನಿಂದ ಯುದ್ಧಕ್ಕೆ ಹೋದವರು ಇಬ್ಬರು. ಒಬ್ಬ ಇವನು, ಇನ್ನೊಬ್ಬ ಚಿಕ್ಕಗಂಗಮ್ಮನ ಒಬ್ಬನೇ ಮಗ ಕದಿರೇಶ. ಬರ್ಮಾದಿಂದ ತಿರುಗಿ ಬಂದದ್ದು ಇವನು ಮಾತ್ರ. ಬಂದ ಹೊಸದರಲ್ಲಿ ಮಾತಿಲ್ಲ, ಕತೆಯಿಲ್ಲ. ನೇಗಿಲು ಹಿಡಿದವನು ಹೊಲದ ನಡುವೆ ಹಾಗೇ ನಿಂತುಬಿಡುತ್ತಿದ್ದ. ಎತ್ತುಗಳೇ ಬೇಜಾರಾಗಿ ಮನೆ ಕಡೆ ಹೊರಡುತ್ತಿದ್ದವು. ಒಂದು ಶನಿವಾರ ರಾಮಮಂದಿರದ ಬಾಗಿಲಿಗೆ ಒರಗಿ ನಿಂತ. ಮುಂದಿನ ಶನಿವಾರ ಒಳಗೆ ಬಂದು ಕೂತ. ಆಮೇಲೊಂದು ದಿನ ಕುಣಿಯಲು ಎದ್ದವನು ಮತ್ತೆ ಕೂರಲೇ ಇಲ್ಲ. ರಾಮನ ಹೆಸರು ಹೇಳುವಷ್ಟು ಹೊತ್ತು ಬರ್ಮಾ ಕಣ್ಣಿಗೆ ಬರುವುದಿಲ್ಲವೆಂದು ನನ್ನ ಹತ್ತಿರ ಹೇಳಿದ್ದ.

ಚಿಕ್ಕಗಂಗಮ್ಮ ಅವನನ್ನು ಆಗಾಗ ಊಟಕ್ಕೆ ಕರೆಯುತ್ತಿದ್ದಳು. ಮುದ್ದೆ ಬಡಿಸಿ, ಎದುರಿಗೆ ಕೂತು, ತನ್ನ ಮಗ ಹೇಗೆ ಹೋದನೆಂದು ಕೇಳುತ್ತಿದ್ದಳು. ಗುಂಡು ತಗುಲಿತು, ತಕ್ಷಣವೇ ಹೋದ, ಒಂಚೂರೂ ನರಳಲಿಲ್ಲ ಎಂದು ಇವನು ಹೇಳುತ್ತಿದ್ದ. ಅದು ಶುದ್ಧ ಸುಳ್ಳು. ನಿಜ ಹೇಳಿದರೆ ಆ ತಾಯಿ ತನ್ನ ಮುಖ ನೋಡುವುದಿಲ್ಲ, ಹೇಳದಿದ್ದರೆ ರಾಮ ನೋಡುವುದಿಲ್ಲ. ಈ ಇಕ್ಕಟ್ಟಿನಲ್ಲಿ ಅವನು ಮುದ್ದೆ ನುಂಗುತ್ತಿದ್ದನೆಂದು ನಮಗೆಲ್ಲ ಗೊತ್ತಾದದ್ದು ಆಮೇಲೆ.

ಯುದ್ಧ ಮುಗಿದ ಮರುವರ್ಷ ಊರಲ್ಲಿ ಅಖಂಡ ಭಜನೆ ಇಟ್ಟೆವು. ಸೂರ್ಯ ಹುಟ್ಟಿದಾಗ ಶುರು, ಮಾರನೆಯ ದಿನ ಹುಟ್ಟುವ ತನಕ ನಿಲ್ಲುವ ಹಾಗಿಲ್ಲ. ಮಂದಿರದೊಳಗೆ ಬೇರೆ ಮಾತೂ ಕೂಡದು. ಏನೇ ಬೇಕಾದರೂ ರಾಗದಲ್ಲೇ ಹೇಳಬೇಕು. ಮೇಳದ ಹಿರಿಯ ಅಶ್ವತ್ಥಪ್ಪ, 'ದೀಪಕ್ಕೆ ಎಣ್ಣೆ ತನ್ನಿ, ರಾಮ ರಾಮ' ಎಂದು ಹಾಡಿದರೆ, ಮಧ್ಯಾಹ್ನದ ಊಟ ಮಾಡಿ ತೂಕಡಿಸುತ್ತ ಸುತ್ತುತ್ತಿದ್ದ ಮೇಳವೆಲ್ಲ 'ದೀಪಕ್ಕೆ ಎಣ್ಣೆ ತನ್ನಿ, ರಾಮ ರಾಮ' ಎಂದು ಭಕ್ತಿಯಿಂದ ಹೇಳುತ್ತಿತ್ತು. ಒಬ್ಬರೂ ಹೊರಗೆ ಹೋಗಿ ತರಲಿಲ್ಲ.

ಕೊನೆಗೆ ಎಣ್ಣೆ ತಂದವಳು ಚಿಕ್ಕಗಂಗಮ್ಮ. ಆಗ ಮೇಳಕ್ಕೆ ಸಾಲು ಹೇಳಿಕೊಡುವ ಸರದಿ ಮುನಿರಾಮಪ್ಪನದು. ಅವಳು ದೀಪಕ್ಕೆ ಎಣ್ಣೆ ಹೊಯ್ಯುತ್ತ, ನನ್ನ ಮಗನನ್ನು ನರಳಿಸದೆ ಕರಕೊಂಡೆಯಲ್ಲ ತಂದೆ ಎಂದು ರಾಗದಲ್ಲೇ ರಾಮನಿಗೆ ಕೈಮುಗಿದಳು. ಮುನಿರಾಮಪ್ಪನ ಕುಣಿತ ನಿಂತುಹೋಯಿತು. ಆದರೆ ಹಾಡು ನಿಲ್ಲುವಂತಿಲ್ಲವಲ್ಲ.

"ಗುಂಡೇಟಲ್ಲ ಕಣಮ್ಮ, ರಾಮ ರಾಮ" ಎಂದ.

ಮೇಳ ಹಾಗೇ ಹೇಳಿತು.

"ಜ್ವರದಲ್ಲಿ ಬಿದ್ದಿದ್ದ, ರಾಮ ರಾಮ. ನೀರು ತರ್ತೀನಂತ ಬಿಟ್ಟು ಬಂದೆ, ರಾಮ ರಾಮ."

ಬಿಟ್ಟು ಬಂದೆ, ರಾಮ ರಾಮ ಎಂದು ಊರಿಗೆ ಊರೇ ಕೂಗಿತು. ಕೂಗಿದ ಮೇಲೆ ಒಬ್ಬೊಬ್ಬರದೇ ನಿದ್ದೆ ಹಾರಿತು. ಅಶ್ವತ್ಥಪ್ಪ ನನ್ನ ಕಡೆ ಕಣ್ಣು ಬಿಟ್ಟ. ನಾನೇನು ಮಾಡಲಿ? ತಾಳ ತಪ್ಪಿದರೆ ಅಖಂಡ ಮುರಿಯುತ್ತದೆ. ಬಾರಿಸುತ್ತಲೇ ಹೋದೆ.

ಚಿಕ್ಕಗಂಗಮ್ಮ ಎಣ್ಣೆಯ ಗಿಂಡಿ ಕೆಳಗಿಟ್ಟಳು. ಅವಳೂ ರಾಗ ಬಿಡಲಿಲ್ಲ.

"ನೀರು ಕೇಳಿದ್ನಾ, ರಾಮ ರಾಮ?"

"ಕೇಳಿದ್ದ, ರಾಮ ರಾಮ."

"ಯಾಕೆ ತಿರುಗಿ ಹೋಗಲಿಲ್ಲ, ರಾಮ ರಾಮ?"

"ಹೆದರಿದೆ, ರಾಮ ರಾಮ."

ಹೆದರಿದೆ ಎಂದು ನಾವೂ ಹೇಳಿದೆವು. ಮೀಸೆ ತಿರುವಿಕೊಂಡು ಓಡಾಡುವ ಗಂಡಸರು, ಸೊಸೆಯರನ್ನು ಗದರಿಸುವ ಮುದುಕಿಯರು, ಎಲ್ಲರೂ. ನಮ್ಮ ಬಾಯಲ್ಲೇ ಬಂದ ಮೇಲೆ ಅವನನ್ನು ಆಡಿಕೊಳ್ಳಲು ಯಾರಿಗೆ ಮುಖವಿದೆ?

ಚಿಕ್ಕಗಂಗಮ್ಮ ಎಷ್ಟೋ ಹೊತ್ತು ಅಳುತ್ತ ನಿಂತಳು. ಅಷ್ಟು ಹೊತ್ತೂ ನಾವು ಬರೀ ರಾಮ ರಾಮ ಎಂದು ಹಾಡನ್ನು ಹಿಡಿದುಕೊಂಡಿದ್ದೆವು. ಆಮೇಲೆ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಮುನಿರಾಮಪ್ಪನ ಕೈಯಿಂದ ತಾಳ ಕಿತ್ತುಕೊಂಡಳು.

"ಹೋಗ್ಲಿ ಬಿಡು ನಾಯನಾ, ರಾಮ ರಾಮ. ನೀನಾದ್ರೂ ಬಂದ್ಯಲ್ಲ, ರಾಮ ರಾಮ."

ಮಗನನ್ನು ಕರೆಯುವ ಹಾಗೆ ನಾಯನಾ ಎಂದಳು, ನಾವೂ ಹೇಳಿದೆವು. ಅವನು ಮಾತ್ರ ಬಾಯಿ ಬಿಗಿದುಕೊಂಡು ನಿಂತಿದ್ದ. ಅವಳು ಅದೇ ಸಾಲನ್ನು ಮತ್ತೆ ಹೇಳಿದಳು. ಅವನ ಬಾಯಿ ತೆರೆಯಲಿಲ್ಲ. ಸರಿ, ಆಯಮ್ಮನೂ ಸಾಲು ಬದಲಾಯಿಸಲಿಲ್ಲ. ಹೇಳಿಕೊಟ್ಟದ್ದನ್ನು ಹೇಳದೆ ಭಜನೆಯಲ್ಲಿ ನಿಲ್ಲುವುದುಂಟೇ? ಅವನ ಸುತ್ತ ಸುತ್ತುತ್ತ ಅದನ್ನೇ ಹಾಡಿದಳು. ನನ್ನ ಕೈ ತಾನಾಗಿಯೇ ಜೋರಾಯಿತು. ಅಶ್ವತ್ಥಪ್ಪನ ರುಮಾಲು ಬಿಚ್ಚಿ ಕಾಲಿಗೆ ಸುತ್ತಿಕೊಂಡರೂ ಆ ಹಿರಿಯ ಕುಣಿಯುವುದನ್ನು ಬಿಡಲಿಲ್ಲ. ಮೊಣಕಾಲು ನೋವೆಂದು ಮೂಲೆಯಲ್ಲಿದ್ದ ಮುದುಕಿಯರೂ ಎದ್ದು ಬಂದರು. ಅಳುವವರು ಯಾರು, ನಗುವವರು ಯಾರು ಎಂದೇ ತಿಳಿಯಲಿಲ್ಲ. ಎಲ್ಲರ ಬಾಯಲ್ಲೂ ಹೋಗ್ಲಿ ಬಿಡು, ಹೋಗ್ಲಿ ಬಿಡು.

ಬಿಸಿಲು ಇಳಿಯುವ ಹೊತ್ತಿಗೆ ಮುನಿರಾಮಪ್ಪನ ತುಟಿ ಅದುರಿತು. ಮೊದಲು ಬರೀ ಗಾಳಿ ಬಂತು, ಆಮೇಲೆ ದನಿ. ಹೋಗ್ಲಿ ಬಿಡು ನಾಯನಾ, ನೀನಾದ್ರೂ ಬಂದ್ಯಲ್ಲ ಎಂದು ಅವನು ತನಗೆ ತಾನೇ ಹಾಡಿಕೊಂಡ. ಚಿಕ್ಕಗಂಗಮ್ಮ ಆಮೇಲೆಯೇ ಮುಂದಿನ ಸಾಲು ಎತ್ತಿಕೊಂಡದ್ದು.