ಐದು ನಿಮಿಷದ ಕಾಲಂ

ಆ ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ‘ಅದ್ದೋ ಅಕ್ಕ’ ಎಂದೇ ಕರೆಯುತ್ತಿದ್ದರು. ಕೆಲಸವೂ ಅದೇ: ಕೂದಲಷ್ಟು ಸಣ್ಣ ತಂತಿಯನ್ನು ಚಿಮಟದಲ್ಲಿ ಹಿಡಿದು, ಅಂಟಂಟಾದ ದ್ರವದಲ್ಲಿ ಅದ್ದಿ, ಉಸಿರು ಬಿಗಿಹಿಡಿದು ಮೇಲೆತ್ತುವುದು. ಆ ತಂತಿ ಚರ್ಮದಡಿ ಕೂತು, ಮೈಯಲ್ಲಿ ಸಕ್ಕರೆ ಎಷ್ಟಿದೆಯೆಂದು ಫೋನಿಗೆ ಹೇಳುವ ಜಾಣ ಸಾಧನ. ಆದರೆ ಮೈ ಅದನ್ನು ನೆಂಟನೆಂದು ಒಪ್ಪಬೇಕಲ್ಲ! ಸುತ್ತ ಗೋಡೆ ಕಟ್ಟಿ ಅದರ ಬಾಯಿ ಮುಚ್ಚಿಸಿಬಿಡುತ್ತದೆ. ಅದಕ್ಕೇ ಈ ಲೇಪ. ಕಡಲಪಾಚಿಯಿಂದ ತೆಗೆದ, ಸಕ್ಕರೆಯ ಬಳಗಕ್ಕೇ ಸೇರಿದ ಪದಾರ್ಥ. ನೀರು ಕುಡಿದು ಮೆತ್ತಗಾದರೆ ಮೈ ಅಷ್ಟಾಗಿ ತಕರಾರು ಮಾಡುವುದಿಲ್ಲ.

ಅಕ್ಕನಿಗೆ ತನ್ನ ಕೈಗಿಂತ ಹೆಚ್ಚಿನ ಹೆಮ್ಮೆ ದಾಖಲೆ ಪುಸ್ತಕದ ಮೇಲೆ. ಹನ್ನೊಂದು ವರ್ಷ, ಹದಿನಾಲ್ಕು ಪುಸ್ತಕ, ಒಂದೇ ಒಂದು ಚಿತ್ತಿಲ್ಲ. ಮುತ್ತು ಪೋಣಿಸಿದಂಥ ಅಕ್ಷರ. ಹೊಸಬರು ಬಂದರೆ ಮುಖ್ಯಸ್ಥರು, “ದಾಖಲೆ ಅಂದ್ರೆ ಹೀಗಿರಬೇಕು” ಎಂದು ತೆರೆದು ತೋರಿಸುತ್ತಿದ್ದರು. ಅವರಿಗೆ ಗೊತ್ತಿಲ್ಲದ್ದು ಒಂದೇ. ದ್ರವ ಕಲಕಿದ ಮೇಲೆ ಎಷ್ಟು ಹೊತ್ತು ಬಿಟ್ಟೆವೆಂಬ ಕಾಲಂನಲ್ಲಿ ಅಕ್ಕ ಸೋಮವಾರ ಬೆಳಿಗ್ಗೆಯೇ ಇಡೀ ವಾರಕ್ಕೆ ‘ಐದು ನಿಮಿಷ’ ಎಂದು ಬರೆದಿಟ್ಟುಬಿಡುತ್ತಿದ್ದಳು. ದಿನಾ ಐದೇ ನಿಮಿಷ ತಾನೆ, ಮೊದಲೇ ಬರೆದರೆ ಯಾರ ಗಂಟೇನು ಹೋಗುತ್ತದೆ?

ಆ ವರ್ಷ ಏಳನೇ ಬ್ಯಾಚಿನ ಲೇಪ ಉಪ್ಪುನೀರಿನ ಪರೀಕ್ಷೆಯಲ್ಲಿ ತಿಂಗಳಾದರೂ ಜಪ್ಪಯ್ಯ ಅನ್ನಲಿಲ್ಲ. ಅಕ್ಕನ ಮಗಳ ವಯಸ್ಸಿನ ಸಂಶೋಧಕಿ ಕುಣಿದಾಡಿದಳು. ಆಮೇಲಿನ ಐದು ಬ್ಯಾಚುಗಳು ವಾರದೊಳಗೆ ಸಿಪ್ಪೆಯೆದ್ದವು. ನೀರು ಬದಲಿಸಿದ್ದಾಯಿತು, ಪಾಚಿಪುಡಿ ಬದಲಿಸಿದ್ದಾಯಿತು. “ಅಕ್ಕನ ಪುಸ್ತಕದಲ್ಲಿ ಇರೋ ಹಾಗೇ ಮಾಡ್ತಿದೀವಲ್ಲ!” ಎಂದು ಅವಳು ತಲೆ ಚಚ್ಚಿಕೊಂಡಳು. ಶುಕ್ರವಾರದೊಳಗೆ ಕಾರಣ ಸಿಗದಿದ್ದರೆ ಈ ಕೆಲಸ ನಿಲ್ಲಿಸುವುದೆಂದು ಮುಖ್ಯಸ್ಥರು ಹೇಳಿಯಾಗಿತ್ತು. ಹುಡುಗಿ ಊಟದ ಡಬ್ಬಿಯನ್ನೂ ತೆರೆಯುತ್ತಿರಲಿಲ್ಲ; ಅಕ್ಕನೇ ತೆರೆದು ಅವಳ ಮುಂದಿಡುತ್ತಿದ್ದಳು.

ಬುಧವಾರ ಗಂಡನ ಫೋನ್ ಬಂತು.

“ಲೇ, ಬಟ್ಟೆ ಒಗೆಯೋ ಮಿಷಿನ್ನು ಮತ್ತೆ ಬಾಗಿಲು ತೆಗೀತಿಲ್ಲ ಕಣೆ. ಹೋದ ಸಲ ಏನೋ ಹೇಳಿಕೊಟ್ಟಿದ್ದೆಯಲ್ಲ?”

ಹೋದ ಸಲ! ಆವತ್ತು ದ್ರವ ಕಲಕಿಟ್ಟು, ಮೊಗಸಾಲೆಯಲ್ಲಿ ನಿಂತು ಈ ಮಹಾರಾಯನಿಗೆ ಪಾಠ ಹೇಳಿ, ವಾಪಸು ಬಂದು ಅದ್ದಿದ್ದೇ ಏಳನೇ ಬ್ಯಾಚು. ಅಕ್ಕ ಪುಸ್ತಕ ತೆರೆದು ನೋಡಿದಳು: ಆ ದಿನಕ್ಕೂ ‘ಐದು ನಿಮಿಷ’.

ಹೇಳಿದರೆ ಹನ್ನೊಂದು ವರ್ಷದ ಮರ್ಯಾದೆ ಮೂರಾಬಟ್ಟೆ. ಹೇಳದಿದ್ದರೆ ಹುಡುಗಿಯ ಕೆಲಸ ಮಣ್ಣುಪಾಲು. ಎರಡು ಸಲ ಹುಡುಗಿಯ ಕೋಣೆಯ ಬಾಗಿಲವರೆಗೆ ಹೋಗಿ ಹಿಂದೆ ಬಂದಳು. ಮೂರನೇ ಸಲ ಒಳಗೆ ಹೋಗಿ ಪುಸ್ತಕ ಮುಂದಿಟ್ಟಳು.

“ಮೇಡಂ, ಈ ಐದು ನಿಮಿಷ ಸುಳ್ಳು. ಆವತ್ತು ತುಂಬಾ ಹೊತ್ತು ಬಿಟ್ಟಿದ್ದೆ. ಫೋನಲ್ಲಿದ್ದೆ.”

“ಎಷ್ಟು ಹೊತ್ತು ಅಕ್ಕಾ?”

ಉತ್ತರ ಅಕ್ಕನ ಫೋನಿನಲ್ಲೇ ಇತ್ತು: ಆ ದಿನದ ಕರೆ, ಮೂವತ್ತೆಂಟು ನಿಮಿಷ. ಕಲಕಿದ ದ್ರವ ಅಷ್ಟು ಹೊತ್ತು ನಿಂತರೆ ಕಣ್ಣಿಗೆ ಕಾಣದ ಗುಳ್ಳೆಗಳೂ ಮೇಲೆದ್ದು ಹೋಗಿ ಲೇಪದಲ್ಲಿ ತೂತು ಉಳಿಯುವುದಿಲ್ಲ. ಹಾಗೇ ಬಿಟ್ಟು ಅದ್ದಿದ ಹೊಸ ತಂತಿಯನ್ನು ಶುಕ್ರವಾರ ಮುಖ್ಯಸ್ಥರು ಸೂಕ್ಷ್ಮದರ್ಶಕದಲ್ಲಿ ನೋಡಿದರು, ಒಂದೂ ತೂತಿಲ್ಲ. ಕೆಲಸ ಉಳಿಯಿತು.

“ಮಿಕ್ಕ ದಿನಗಳದ್ದು?” ಎಂದು ಅವರು ಪುಸ್ತಕದ ಆ ಕಾಲಂ ತೋರಿಸಿ ಕೇಳಿದರು.

“ಎಲ್ಲಾ ಮೊದಲೇ ಬರೆದಿದ್ದು ಸಾರ್.”

ಅವರು ಬಯ್ಯಲಿಲ್ಲ. “ಹಾಗಾದ್ರೆ ಪ್ರತಿ ಪುಟದಲ್ಲೂ ಅದನ್ನ ಬರೀಬೇಕಾಗುತ್ತಮ್ಮ” ಎಂದರು. ಬಯ್ದಿದ್ದರೇ ವಾಸಿಯಿತ್ತು.

ಅಕ್ಕ ಹದಿನಾಲ್ಕೂ ಪುಸ್ತಕ ಇಳಿಸಿ, ಕೆಂಪು ಪೆನ್ನು ಹಿಡಿದು ಕೂತಳು. ‘ಈ ಕಾಲಂ ಕೆಲಸಕ್ಕೆ ಮೊದಲೇ ತುಂಬಿದ್ದು. ನಂಬಬೇಡಿ.’ ಮೊದಲ ಪುಟ. ಎರಡನೇ ಪುಟ. ಹುಡುಗಿ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು.

“ಏಳು ಪುಸ್ತಕ ನಂಗೆ ಕೊಡಿ ಅಕ್ಕಾ.”

“ಬೇಡಮ್ಮ, ನಿಮ್ಮ ಕೋಳಿಕಾಲಿನ ಅಕ್ಷರ ನೋಡಿಲ್ವೇ ನಾನು?” ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನನ್ನ ಪುಸ್ತಕ. ಹಾಳು ಮಾಡೋದಾದ್ರೂ ನಾನೇ ಅಂದವಾಗಿ ಹಾಳು ಮಾಡ್ತೀನಿ.”

ಹುಡುಗಿ ಎದ್ದು ಹೋಗಲಿಲ್ಲ. ಅಕ್ಕ ಬರೆದಂತೆಲ್ಲ ಪುಟ ತಿರುವಿಕೊಡುತ್ತ ಕೂತಳು.