ಪಾಪಮ್ಮ ಬರೆದ ಮಾವಿನಕಾಯಿ

ಸಾಸಲಿನಲ್ಲಿ ಹುಟ್ಟಿ ದೊಡ್ಡಬಳ್ಳಾಪುರಕ್ಕೆ ಸೊಸೆಯಾಗಿ ಬಂದ ಮುನಿತಾಯಮ್ಮನಿಗೆ ಚಿಕ್ಕಂದಿನಿಂದಲೂ ಒಂದು ಚಾಳಿ. ಯಾರಾದರೂ ಏನಾದರೂ ಮಾಡುತ್ತಿದ್ದರೆ ನಿಂತು ನೋಡಲೇಬೇಕು, ನೋಡಿದ ಮೇಲೆ ಕೇಳಲೇಬೇಕು. ಕಮ್ಮಾರ, ಗಾಣದವನು, ಬಳೆಗಾರ, ಯಾರನ್ನೂ ಬಿಟ್ಟವಳಲ್ಲ. "ಇವಳನ್ನ ನೀರಿಗೆ ಕಳಿಸಿದ್ರೆ ಕೊಡ ಮನೆ ಸೇರೋದು ಸಂಜೆಗೇನೇ" ಎಂದು ಅತ್ತೆ ಕೇರಿಗೆಲ್ಲಾ ಕೇಳುವಂತೆ ಹೇಳುತ್ತಿದ್ದರು.

ಅರವತ್ತಾರನೇ ಇಸವಿಯಲ್ಲಿ ಊರಿನ ಹೆಂಗಸರ ಸಮಾಜದವರು ಒಂದು ಶಿಶುವಿಹಾರ ತೆರೆದಾಗ ಎಂಟನೇ ಕ್ಲಾಸು ಓದಿದ್ದ ಮುನಿತಾಯಮ್ಮನೇ ಟೀಚರಾದಳು. ಬೆಂಗಳೂರಿಗೆ ಹೋಗಿ ತರಬೇತಿ ಪಡೆದು ಬಂದಳು. ಅಲ್ಲಿ ಕಲಿಸಿದ ಪಾಠ ಸರಳವಾಗಿತ್ತು. ಟೀಚರು ಬೋರ್ಡಿನ ಮೇಲೆ ಬರೆಯಬೇಕು, ಮಕ್ಕಳು ನೋಡಿ ಬರೆಯಬೇಕು. ಯಾರದು ಬೋರ್ಡಿನ ಹಾಗೇ ಇರುತ್ತದೋ ಆ ಮಗು ಜಾಣ.

ಭಜನೆಮನೆಯ ಪಕ್ಕದ ಕೋಣೆಯೇ ಶಿಶುವಿಹಾರ. ಬಣ್ಣದ ಪೆಟ್ಟಿಗೆ ಎಲ್ಲಿಂದ ಬರಬೇಕು? ಇದ್ದಿಲು, ಕೆಮ್ಮಣ್ಣು, ಅರಿಸಿನ, ಬಟ್ಟೆಗೆ ಹಾಕುವ ನೀಲಿ, ಇವನ್ನೇ ತೆಂಗಿನ ಚಿಪ್ಪುಗಳಲ್ಲಿ ಕಲಸಿ ಇಡುತ್ತಿದ್ದಳು. ಬೇವಿನ ಕಡ್ಡಿ ಜಗಿದರೆ ಕುಂಚ. ಹಳೇ ಪೇಪರೇ ಹಾಳೆ.

ಒಂದು ಬೆಳಿಗ್ಗೆ ಅವಳು ಬೋರ್ಡು ಒರೆಸಿ, "ಇವತ್ತು ನೋಡ್ಕೊಂಡು ಬರೆಯೋದು ಬೇಡ. ಎಲ್ಲಾರೂ ಒಂದೊಂದು ಮಾವಿನಕಾಯಿ ಬರೀರಿ ನೋಡೋಣ" ಅಂದಳು. ಮಕ್ಕಳು ನೆಲಕ್ಕೆ ಬಗ್ಗಿದವು. ಒಂದರದು ಗುಂಡಗೆ, ಒಂದರದು ಸೋರೆಕಾಯಿಯ ಹಾಗೆ, ಅಂತೂ ಎಲ್ಲವೂ ಮಾವಿನಕಾಯಿಯೇ. ನೇಕಾರರ ಕೊಂಡಪ್ಪನ ಮಗಳು ಪಾಪಮ್ಮನ ಹಾಳೆಯಲ್ಲಿ ಮಾತ್ರ ಬರೀ ಕಪ್ಪು ಚುಕ್ಕಿ. ಸಾಲುಸಾಲಾಗಿ, ಕೆಲವು ಒತ್ತಾಗಿ, ಕೆಲವು ಬಿಟ್ಟುಬಿಟ್ಟು.

"ಮಾವಿನಕಾಯಿ ಎಲ್ಲಮ್ಮಾ?"

ಪಾಪಮ್ಮ ಚುಕ್ಕಿಗಳ ಮೇಲೆ ಬೆರಳಿಟ್ಟಳು.

"ಇದು ಚುಕ್ಕಿ ಕಣೇ. ಕಾಯಿ ಎಲ್ಲಿ?"

ಮಗು ಮತ್ತೆ ಅಲ್ಲೇ ಬೆರಳಿಟ್ಟಿತು. ನಾಲ್ಕು ವರ್ಷದ ಹುಡುಗಿ. ಮನೆಯಲ್ಲಿ ತೆಲುಗು ಮಾತು, ಇಲ್ಲಿ ಬಾಯಿ ಬಿಡುವುದೇ ಅಪರೂಪ. ಮುನಿತಾಯಮ್ಮ ತಾನೇ ಒಂದು ಮಾವಿನಕಾಯಿ ಬರೆದು ತೋರಿಸಿದಳು. ಪಾಪಮ್ಮ ಅದನ್ನು ನೋಡಿ, ಪಾಪ ಟೀಚರಿಗೆ ಗೊತ್ತಿಲ್ಲವೇನೋ ಎನ್ನುವ ಹಾಗೆ ಮುಖ ಮಾಡಿ, ಅದರ ಪಕ್ಕದಲ್ಲೇ ಇನ್ನೊಂದು ಸಾಲು ಚುಕ್ಕಿ ಇಟ್ಟಳು.

ಆ ಮುಖ ಮುನಿತಾಯಮ್ಮನನ್ನು ಬಿಡಲಿಲ್ಲ. ಮಗುವಿಗೆ ಬರೆಯಲು ಬರದಿದ್ದರೆ ಅಷ್ಟು ಧೈರ್ಯ ಎಲ್ಲಿಂದ? ಮಧ್ಯಾಹ್ನ ಮಕ್ಕಳನ್ನು ಕಳಿಸಿ, ಪಾಪಮ್ಮನ ಕೈ ಹಿಡಿದುಕೊಂಡು ಅವರ ಮನೆಗೇ ಹೋದಳು.

ಕೊಂಡಪ್ಪ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ರೇಷ್ಮೆ ಸೀರೆ ನೇಯುತ್ತಿದ್ದ. ಟೀಚರನ್ನು ಕಂಡು ಲಾಳಿ ನಿಲ್ಲಿಸಿದ. "ಏನಮ್ಮಾ, ನಮ್ ಹುಡುಗಿ ಏನಾದ್ರೂ ಗಲಾಟೆ ಮಾಡ್ಬಿಟ್ಳಾ?"

"ಇಲ್ಲಪ್ಪಾ. ಮಾವಿನಕಾಯಿ ಬರಿ ಅಂದ್ರೆ ಚುಕ್ಕಿ ಇಡ್ತಾಳೆ. ಯಾಕೆ ಅಂತ ನೋಡ್ಕೊಂಡು ಹೋಗಾಣ ಅಂತ ಬಂದೆ."

ಕೊಂಡಪ್ಪನಿಗೂ ತಿಳಿಯಲಿಲ್ಲ. ಒಳಗಿಂದ ಬಂದ ಅವನ ಹೆಂಡತಿ ಅಮ್ಮಯಮ್ಮ ಮಾತ್ರ ನಕ್ಕಳು. "ಅವಳು ಹುಟ್ಟಿದಾಗಿಂದ ಮಲಗೋದೇ ಅಲ್ಲಿ" ಎಂದು ಮಗ್ಗದ ಪಕ್ಕದ ಚಾಪೆ ತೋರಿಸಿದಳು.

ಮುನಿತಾಯಮ್ಮ ಚಾಪೆ ನೋಡಿದಳು, ಸೆರಗು ಬಿಗಿದುಕೊಂಡಳು, ಹೋಗಿ ಅಂಗಾತ ಮಲಗಿಯೇಬಿಟ್ಟಳು.

"ಅಯ್ಯೋ ಟೀಚರ್, ಏನಿದು!" ಅಮ್ಮಯಮ್ಮ ಗಾಬರಿಯಾದಳು.

"ನೀನು ನೇಯಪ್ಪಾ ಸ್ವಲ್ಪ."

ಕೊಂಡಪ್ಪ ನಾಚಿಕೊಂಡೇ ನೇಯತೊಡಗಿದ. ಮಗ್ಗದ ಮೇಲೆ ಒಂದಕ್ಕೊಂದು ಹೊಲಿದ ರಟ್ಟಿನ ಪಟ್ಟಿಗಳ ಮಾಲೆ ತೂಗುತ್ತಿತ್ತು. ಪಟ್ಟಿಯ ತುಂಬಾ ತೂತು. ಅವನು ಕಾಲೊತ್ತಿದಾಗಲೆಲ್ಲಾ ಟಕ್ ಎಂದು ಒಂದು ಪಟ್ಟಿ ತಿರುಗುತ್ತಿತ್ತು. ಸೂರಿನ ಗಾಜಿನ ಹಂಚಿನಿಂದ ಇಳಿದ ಬಿಸಿಲು ತೂತುಗಳಲ್ಲಿ ತೂರಿ ಚುಕ್ಕಿಚುಕ್ಕಿಯಾಗಿ ಕಣ್ಣೆದುರು ಸರಿಯುತ್ತಿತ್ತು. ಕೆಲವು ಒತ್ತಾಗಿ, ಕೆಲವು ಬಿಟ್ಟುಬಿಟ್ಟು.

"ಆ ಪಟ್ಟಿ ಯಾತಕ್ಕಪ್ಪಾ?" ಮಲಗಿದಲ್ಲಿಂದಲೇ ಕೇಳಿದಳು.

"ಇದಾ? ತೂತು ಇದ್ದ ಕಡೆ ಎಳೆ ಮೇಲೇಳುತ್ತೆ, ಹಂಗೇ ಸೀರೇಲಿ ಡಿಸೈನ್ ಬೀಳುತ್ತೆ. ಒಂದೊಂದು ಡಿಸೈನಿಗೆ ಒಂದೊಂದು ಮಾಲೆ. ಹಂಸದ್ದು ಮೊನ್ನೆ ಇಳಿಸಿದೆ. ಈಗ ಹಾಕಿರೋದು..." ಕೊಂಡಪ್ಪನ ಕಾಲು ನಿಂತಿತು. "ಈಗ ಹಾಕಿರೋದು ಮಾವಿನಕಾಯಿ."

ಸೀರೆಯ ಅಂಚಿನಲ್ಲಿ ಜರಿಯ ಮಾವಿನಕಾಯಿಗಳು ಸಾಲಾಗಿ ಅರ್ಧಕ್ಕೆ ಬಂದಿದ್ದವು. ಮುನಿತಾಯಮ್ಮ ಎದ್ದು ಕೂತು ಅಂಚನ್ನೂ ಪಟ್ಟಿಯನ್ನೂ ಬದಲಿಸಿ ಬದಲಿಸಿ ನೋಡಿದಳು. "ಯಾವ ತೂತಿಂದ ಯಾವ ಎಳೆ ಏಳುತ್ತೆ? ತೊಟ್ಟು ಯಾವುದು ಇದರಲ್ಲಿ?"

"ನಂಗೂ ಗೊತ್ತಿಲ್ಲಮ್ಮ. ಪಟ್ಟಿ ಹೊಡೆಯೋರು ಬೇರೆ ಇದಾರೆ. ತಂದು ಕಟ್ಟಿ ನೇಯ್ತೀನಿ, ಅಷ್ಟೇಯ. ಈ ಪ್ರಶ್ನೆ ಇಷ್ಟು ವರ್ಷ ನಂಗೆ ಹೊಳೀಲೇ ಇಲ್ವಲ್ಲ!"

ಇಬ್ಬರೂ ಸೇರಿ ಒಂದೊಂದೇ ಪಟ್ಟಿ ತಿರುಗಿಸಿ ಯಾವ ಎಳೆ ಮೇಲೇಳುತ್ತದೆಂದು ನೋಡುತ್ತಾ ಕೂತರು. ತೊಟ್ಟಿನ ಪಟ್ಟಿ ಸಿಕ್ಕಿದಾಗ ಕೊಂಡಪ್ಪನೇ ಜೋರಾಗಿ ನಕ್ಕ. ಪಾಪಮ್ಮ ಇದೆಲ್ಲಾ ತನಗೆ ಗೊತ್ತಿದ್ದದ್ದೇ ಎಂಬಂತೆ ಕಡಲೆಕಾಯಿ ತಿನ್ನುತ್ತಿದ್ದಳು. ಆ ದಿನ ನೇಯ್ಗೆ ಮುಂದೆ ಹೋಗಲಿಲ್ಲ.

ಆಮೇಲೆ ಶಿಶುವಿಹಾರದ ಬೋರ್ಡಿನ ಮೇಲೆ ಮುನಿತಾಯಮ್ಮ ಚಿತ್ರ ಬರೆಯಲೇ ಇಲ್ಲ. ಮಕ್ಕಳು ಬರೆದದ್ದರ ಪಕ್ಕ ಕೂತು "ಇದೇನು ಹೇಳು" ಎಂದು ಕೇಳುವುದೇ ಕೆಲಸವಾಯಿತು. ಬೆಂಡೆಕಾಯಿ ಕತ್ತರಿಸಿ ಅದ್ದಿ ಒತ್ತಿದರು, ಹೊಂಗೆ ಎಲೆಗೆ ಬಣ್ಣ ಹಚ್ಚಿ ಒತ್ತಿದರು, ಕೊಂಡಪ್ಪ ಕೊಟ್ಟ ಹರಿದ ಪಟ್ಟಿಗಳ ತೂತಿನಲ್ಲಿ ನೀಲಿ ತೂರಿಸಿದರು. ಸಮಾಜದ ಹೆಂಗಸರು "ಅ ಆ ಇ ಈ ಯಾವಾಗ?" ಎಂದು ಗೊಣಗಿದರು. ಅದನ್ನೂ ಕಲಿಸಿದಳು, ಆದರೆ ಮಕ್ಕಳ ಕೈಯ ಬೇವಿನ ಕಡ್ಡಿ ಕಸಿದುಕೊಳ್ಳಲಿಲ್ಲ.

ಮಾರನೇ ವರ್ಷ, ಶಿಶುವಿಹಾರಕ್ಕೆ ಬರುತ್ತಿದ್ದ ಸಪ್ಪಲಿ ಎಂಬ ಹುಡುಗಿಯ ಅಪ್ಪ, ರಾಗಿ ಹೊಲದ ಪಿಳ್ಳಪ್ಪ ರೇಗಿಕೊಂಡು ಬಂದ. "ಹಬ್ಬಕ್ಕೆ ಸುಣ್ಣ ಹೊಡೆದ ಗೋಡೆ ಕಣಮ್ಮಾ! ನಮ್ ಸಪ್ಪಲಿ ಇದ್ದಿಲಲ್ಲಿ ಗೀಚಿ ಇಟ್ಟವಳೆ. ನೀನು ಕಲಿಸಿದ್ದು!"

ಮುನಿತಾಯಮ್ಮ ಹೋಗಿ ನೋಡಿದಳು. ಗೋಡೆಯ ಮೂಲೆಯಿಂದ ಮುಳ್ಳುಮುಳ್ಳಾದ ಗೆರೆಗಳು ಹೊರಟು ಬಾಗಿಲವರೆಗೂ ಬಂದಿದ್ದವು. ಅಪ್ಪ ಹೊಡೆಯುತ್ತಾನೆಂದು ಸಪ್ಪಲಿ ಅಮ್ಮನ ಹಿಂದೆ ಅವಿತಿದ್ದಳು.

"ಇದೇನೇ ಸಪ್ಪಲೀ?"

"ಅಪ್ಪನ ಕೆಮ್ಮು."

ಗೆರೆ ಹೊರಟಿದ್ದ ಮೂಲೆಯಲ್ಲೇ ಪಿಳ್ಳಪ್ಪನ ಹಾಸಿಗೆ ಸುತ್ತಿಟ್ಟಿತ್ತು. "ಬಾಗಿಲ ತಂಕ ಯಾಕೆ ಬಂದೈತೆ?" ಪಿಳ್ಳಪ್ಪ ಮೆಲ್ಲಗೆ ಕೇಳಿದ.

"ನಾನು ಮಲಗೋದು ಅಲ್ಲಿ. ಅಲ್ಲಿಗೂ ಬತ್ತೈತೆ."

ಹೆಂಡತಿ ತಿಂಗಳುಗಟ್ಟಲೆ ಹೇಳಿದರೂ ಕದಲದಿದ್ದ ಪಿಳ್ಳಪ್ಪ ಆ ಸೋಮವಾರ ಆಸ್ಪತ್ರೆಗೆ ಹೋದ. ಎದೆಯಲ್ಲಿ ಕ್ಷಯದ ಶುರುವಾತು ಎಂದರು. ಒಂದು ವರ್ಷಕ್ಕೂ ಹೆಚ್ಚು ಔಷಧಿ ತಗೊಂಡ, ಗುಣವಾದ. ಗೋಡೆಗೆ ಸುಣ್ಣ ಹೊಡೆಸುವಾಗ ಆ ಭಾಗ ಬಿಟ್ಟು ಹೊಡೆಸಿದ ಎಂದು ಅವನ ಹೆಂಡತಿ ಹೇಳಿಕೊಂಡು ನಗುತ್ತಿದ್ದಳು.

ಎಪ್ಪತ್ತೈದರ ಹೊತ್ತಿಗೆ ಮುನಿತಾಯಮ್ಮನಿಗೆ ಕನ್ನಡಕ ಬಂದಿತ್ತು, ಮಂಡಿ ನೋವೂ ಬಂದಿತ್ತು. ಆದರೂ ನೆಲದ ಮೇಲೇ ಕೂರುತ್ತಿದ್ದಳು. ಹೊಸದಾಗಿ ಸೇರಿದ ಒಂದು ಮಗು ಕೆಮ್ಮಣ್ಣಿನಲ್ಲಿ ಕೈ ಅದ್ದಿ ಏನೋ ಬಳಿಯುತ್ತಿತ್ತು. ಇವಳು ಕನ್ನಡಕ ಸರಿಮಾಡಿಕೊಂಡು, "ಇದೇನು ಹೇಳಪ್ಪಾ?" ಅಂದಳು.

"ಇನ್ನೂ ಆಗಿಲ್ಲ. ಸುಮ್ನಿರಿ ಟೀಚರ್."

ಮುನಿತಾಯಮ್ಮ ಗೋಡೆಗೆ ಒರಗಿ, ಕಾಲು ಚಾಚಿ, ಸುಮ್ಮನೆ ಕಾಯತೊಡಗಿದಳು.